ಮೂವತ್ತು ಗ್ರಾಮ್ ಹೆಲಿಕಾಪ್ಟರ್‌ಗೆ ಬೆಲ್ 47ರ ಮೈ

ನನ್ನ ಹತ್ತಿರ ಅಂಗೈ ಮೇಲೆ ಕೂರುವಷ್ಟು ಸಣ್ಣ ರಿಮೋಟ್ ಹೆಲಿಕಾಪ್ಟರ್ ಇದೆ. ಬ್ಯಾಟರಿ ಸೇರಿ 30 ಗ್ರಾಮ್. ಮೇಲೆ ಎರಡು ರೆಕ್ಕೆ, ಅದಕ್ಕೆ ಓರೆಯಾಗಿ ಎರಡೂ ತುದಿಯಲ್ಲಿ ಪುಟ್ಟ ತೂಕ ಇರುವ ಫ್ಲೈಬಾರ್ ಅನ್ನುವ ದಂಡ, ಬಾಲದ ತುದಿಯಲ್ಲಿ ಒಂದು ಕಿರುಮೋಟಾರ್. ಇದಕ್ಕೆ ಬೆಲ್ 47 ಅನ್ನುವ ಹಳೆಯ ಅಮೆರಿಕನ್ ಹೆಲಿಕಾಪ್ಟರಿನ ಮೈ ಕಟ್ಟಬೇಕು ಅಂತ ಬಹಳ ದಿನದ ಆಸೆ ಇತ್ತು. ಮುಂದೆ ಗುಳ್ಳೆಯಂಥ ಗಾಜು, ಹಿಂದೆ ಬರೀ ಪೈಪುಗಳ ಹಂದರದ ಬಾಲ. ನೀವೂ ಚಿತ್ರದಲ್ಲಿ ನೋಡಿರುತ್ತೀರಿ.

ಆದರೆ ಮೈ ಕಟ್ಟುವ ಮೊದಲು ಯಂತ್ರ ನೆಟ್ಟಗೆ ಹಾರಬೇಕಲ್ವಾ? ಗೋಡೆಗೆ ಒಮ್ಮೆ ಬಡಿದ ಮೇಲೆ ನನ್ನದು ಹಾರುತ್ತಿರಲಿಲ್ಲ. ಮೇಲಕ್ಕೆದ್ದ ಕೂಡಲೇ ಮೂತಿ ಎಡಕ್ಕೆ ತಿರುಗುತ್ತಿತ್ತು. ಜೊತೆಗೆ ನಿಂತಲ್ಲಿ ನಿಲ್ಲದೆ ಸುತ್ತು ಹೊಡೆಯುತ್ತಿತ್ತು. ಸುತ್ತು ದೊಡ್ಡದಾಗುತ್ತಾ ಹೋಗಿ ಕೊನೆಗೆ ನೆಲಕ್ಕೆ ಬೀಳುತ್ತಿತ್ತು. ಎರಡಕ್ಕೂ ಒಂದೇ ಕಾರಣ ಅಂದುಕೊಂಡಿದ್ದೇ ನನ್ನ ಮೊದಲ ತಪ್ಪು.

ಎಡಕ್ಕೆ ತಿರುಗುವುದು ಬಾಲದ ವಿಷಯ. ಇಂಥ ಮಾದರಿಗಳಲ್ಲಿ ಮುಖ್ಯ ರೆಕ್ಕೆ ಮೇಲಿನಿಂದ ನೋಡಿದರೆ ಸಾಮಾನ್ಯವಾಗಿ ಗಡಿಯಾರದ ಮುಳ್ಳಿನಂತೆ ಬಲಕ್ಕೆ ಸುತ್ತುತ್ತದೆ. ಅದರ ಎದುರೇಟಿಗೆ ಮೈ ಎಡಕ್ಕೆ ತಿರುಗಲು ನೋಡುತ್ತದೆ. ಅದನ್ನು ಹಿಡಿದು ನಿಲ್ಲಿಸುವುದೇ ಬಾಲದ ರೆಕ್ಕೆಯ ಕೆಲಸ. ಬಾಲದ ಬಲ ಕಡಿಮೆಯಾದರೆ ಮೂತಿ ಎಡಕ್ಕೆ ಹೋಗುತ್ತದೆ. ಮೋಟಾರಿನೊಳಗೆ ಕರೆಂಟ್ ದಾಟಿಸುವ ಬ್ರಷ್ ಸವೆದಿದ್ದರೂ ಹೀಗಾಗುತ್ತದೆ, ವೈರ್ ಅರ್ಧ ತುಂಡಾಗಿದ್ದರೂ ಆಗುತ್ತದೆ.

ನಾನು ನೇರವಾಗಿ ಹೊಸ ಮೋಟಾರ್ ಹಾಕಲು ಕೂತೆ. ಹಳೆಯದನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದರೆ ಶಾಫ್ಟಿಗೆ ಒಂದು ತಲೆಗೂದಲು ಸುತ್ತಿಕೊಂಡಿತ್ತು. ರೆಕ್ಕೆಗೂ ಮೋಟಾರಿಗೂ ನಡುವೆ, ದಾರದ ಉಂಡೆಯ ಹಾಗೆ ಬಿಗಿಯಾಗಿ. ಚಿಮಟದ ತುದಿಯಿಂದ ಒಂದೊಂದೇ ಸುತ್ತು ಬಿಡಿಸಿದೆ. ಬಿಚ್ಚಿದ ಮೇಲೆ ರೆಕ್ಕೆ ಊದಿದರೆ ತಿರುಗುವಷ್ಟು ಸಲೀಸಾಯಿತು. ಮೋಟಾರ್ ಬದಲಾಯಿಸುವ ಅಗತ್ಯವೇ ಇರಲಿಲ್ಲ. ಆಗಿನಿಂದ ಪ್ರತಿ ಸಲ ಹಾರಿಸಿದ ಮೇಲೂ ಬಾಲದ ಶಾಫ್ಟ್ ಮತ್ತು ಮುಖ್ಯ ಗೇರಿನ ಕೆಳಗೆ ಕೂದಲು, ನೂಲು ಇದೆಯಾ ಅಂತ ನೋಡುತ್ತೇನೆ.

ಬಿಚ್ಚುವ ಗಡಿಬಿಡಿಯಲ್ಲಿ ಒಂದು ವೈರ್ ಕಿತ್ತು ಬಂತು. ಅದು ಕೂದಲಿಗಿಂತ ಸ್ವಲ್ಪ ದಪ್ಪದ ಎನಾಮೆಲ್ ತಂತಿ. ಮೇಲಿನ ಲೇಪ ಕೆರೆಯದೆ ಬೆಸುಗೆ ಹಾಕಿದರೆ ಹಿಡಿದಂತೆ ಕಾಣುತ್ತದೆ, ಆದರೆ ಕರೆಂಟ್ ಹರಿಯುವುದಿಲ್ಲ. ಬ್ಲೇಡಿನಿಂದ 2 ಮಿಲಿಮೀಟರ್ ಹಗುರವಾಗಿ ಕೆರೆದು, ಮೊದಲು ತಂತಿಗೆ ಸ್ವಲ್ಪ ಸೀಸ ಹಿಡಿಸಿ, ಆಮೇಲೆ ಮೋಟಾರಿನ ಕಾಲಿಗೆ ಒಂದು ಕ್ಷಣ ಮುಟ್ಟಿಸಿದೆ. ಜಾಸ್ತಿ ಹೊತ್ತು ಕಾಯಿಸಿದರೆ ಮೋಟಾರಿನ ಹಿಂಬದಿಯ ಪ್ಲಾಸ್ಟಿಕ್ ಕರಗುತ್ತದೆ.

ಮೂತಿ ತಿರುಗುವುದು ನಿಂತಿತು. ಸುತ್ತು ಹೊಡೆಯುವುದು ನಿಲ್ಲಲಿಲ್ಲ.

ಇದಕ್ಕೆ ಎರಡು ಸಂಜೆ ಹಿಡಿಯಿತು. ಮುಖ್ಯ ಶಾಫ್ಟ್ ಬಿಚ್ಚಿ ಗಾಜಿನ ಮೇಲೆ ಉರುಳಿಸಿ ನೋಡಿದೆ, ನೆಟ್ಟಗಿತ್ತು. ಗೇರಿನಲ್ಲಿ ಹಲ್ಲು ಮುರಿದಿರಲಿಲ್ಲ. ಕೊನೆಗೆ ಹೆಲಿಕಾಪ್ಟರನ್ನು ಪಕ್ಕಕ್ಕೆ ಮಲಗಿಸಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಒಂದು ರೆಕ್ಕೆ ತನ್ನ ಭಾರಕ್ಕೆ ಜೋತು ಬಿತ್ತು. ಇನ್ನೊಂದು ಕದಲಲೇ ಇಲ್ಲ. ಗೋಡೆಗೆ ಬಡಿದ ಮೇಲೆ ಸಡಿಲವಾಗಿದೆ ಅಂತ ನಾನೇ ಅದರ ಸ್ಕ್ರೂ ಬಿಗಿದಿದ್ದೆ. ರೆಕ್ಕೆ ಸುತ್ತುವಾಗ ಹೊರಗೆಳೆಯುವ ಬಲಕ್ಕೆ ತಾನೇ ನೇರವಾಗಿ ನಿಲ್ಲಬೇಕು. ಬಿಗಿದರೆ ಬಡಿದ ಕೋನದಲ್ಲೇ ನಿಂತುಬಿಡುತ್ತದೆ. ಸ್ಕ್ರೂ ಕಾಲು ಸುತ್ತು ಸಡಿಲಿಸಿದೆ. ಫ್ಲೈಬಾರಿನ ಒಂದು ಬಾಲ್ ಲಿಂಕ್, ಅಂದರೆ ಪುಟ್ಟ ಗುಂಡಿನ ಮೇಲೆ ಕೂರುವ ಪ್ಲಾಸ್ಟಿಕ್ ಕೀಲು, ಅದೂ ಬಿಗಿಯಾಗಿತ್ತು. ಗುಂಡು ಒಳಗಿರುವಾಗಲೇ ಇಕ್ಕಳದಿಂದ ಮೆತ್ತಗೆ ಅದುಮಿದರೆ ಪ್ಲಾಸ್ಟಿಕ್ ಸ್ವಲ್ಪ ಹಿಗ್ಗಿ ಸಲೀಸಾಗುತ್ತದೆ. ಮೆತ್ತಗೆ ಅಂದರೆ ನಿಜವಾಗಿ ಮೆತ್ತಗೆ, ಜೋರಾದರೆ ಲಿಂಕ್ ಒಡೆಯುತ್ತದೆ.

ಆಮೇಲೆ ಒಂದು ರೆಕ್ಕೆಯ ತುದಿಗೆ ಬಣ್ಣದ ಟೇಪಿನ ಚೂರು ಅಂಟಿಸಿ, ಹಾರಿಸಿ, ದೂರ ನಿಂತು ಪಕ್ಕದಿಂದ ನೋಡಿದೆ. ಎರಡೂ ತುದಿ ಒಂದೇ ಗೆರೆ ಬರೆಯಬೇಕು. ಬಣ್ಣದ್ದು ಮೇಲೆ ಹೋಗುತ್ತಿತ್ತು, ಅದರ ಬುಡವನ್ನು ಚೂರೇ ಚೂರು ತಿರುಚಿದೆ. ಆವತ್ತು ಮೊದಲ ಸಲ ಅದು ಗಾಳಿಯಲ್ಲಿ ಮೊಳೆ ಹೊಡೆದ ಹಾಗೆ ನಿಂತಿತು.

ಈಗ ಮೈ. ಬೆಲ್ 47ನ್ನೇ ಆರಿಸಲು ಅದರ ಚಂದ ಒಂದೇ ಕಾರಣವಲ್ಲ. ಆ ಹೆಲಿಕಾಪ್ಟರಿನ ರೆಕ್ಕೆಯ ಕೆಳಗೂ ತುದಿಯಲ್ಲಿ ತೂಕ ಇರುವ ಒಂದು ದಂಡ ಇದೆ. ಅದನ್ನು ಮಾಡಿದವರು ಅಮೆರಿಕದ ಆರ್ಥರ್ ಯಂಗ್. 1930ರ ದಶಕದಲ್ಲಿ ಅವರು ಪುಟ್ಟ ಮಾದರಿಗಳನ್ನೇ ಕಟ್ಟಿ, ಬೀಳಿಸಿ, ಮತ್ತೆ ಕಟ್ಟಿ ಆ ದಂಡದ ಗುಟ್ಟು ಕಂಡುಕೊಂಡರು. 1941ರಲ್ಲಿ ಬೆಲ್ ಕಂಪನಿಯವರ ಮುಂದೆ ಮಾದರಿ ಹಾರಿಸಿ ತೋರಿಸಿದರು. 1946ರಲ್ಲಿ ಬೆಲ್ 47ಕ್ಕೆ ನಾಗರಿಕ ಬಳಕೆಯ ಪರವಾನಗಿ ಸಿಕ್ಕಿತು. ನನ್ನ ಆಟಿಕೆಯ ಫ್ಲೈಬಾರ್ ಮಾಡುವುದೂ ಅದೇ ಕೆಲಸ. ಮೈ ವಾಲಿದರೂ ದಂಡ ತನ್ನ ಮಟ್ಟ ಬಿಡದೆ ಸುತ್ತುತ್ತಾ ರೆಕ್ಕೆಯ ಕೋನ ತಿದ್ದುತ್ತದೆ. ಸಣ್ಣ ಮಾದರಿಯಿಂದ ಹುಟ್ಟಿದ ಹೆಲಿಕಾಪ್ಟರನ್ನು ಮತ್ತೆ ಸಣ್ಣ ಮಾದರಿಯಾಗಿ ಕಟ್ಟುವುದು ನನಗೆ ಬಹಳ ಖುಷಿ ಕೊಟ್ಟಿತು.

ಹೆಚ್ಚುವರಿ ತೂಕ 1 ಗ್ರಾಮ್ ದಾಟಬಾರದು ಅಂತ ಗೆರೆ ಹಾಕಿಕೊಂಡೆ. ಗುಳ್ಳೆಗೆ ಸೋಡಾ ಬಾಟಲಿ. ಅಂಥ ಬಾಟಲಿಯನ್ನು ಮಾಡುವಾಗಲೇ ಊದಿ ಹಿಗ್ಗಿಸಿರುತ್ತಾರೆ. ಹಾಗಾಗಿ ಬಿಸಿ ಮಾಡಿದರೆ ಮತ್ತೆ ಕುಗ್ಗುತ್ತದೆ. ಮರದ ಅಚ್ಚು ಕೊರೆದು, ಮರಳು ಕಾಗದದಲ್ಲಿ ನುಣ್ಣಗೆ ಉಜ್ಜಿ, ತಳ ಕತ್ತರಿಸಿದ ಬಾಟಲಿಯೊಳಗೆ ಇಟ್ಟು ಬಿಸಿಗಾಳಿ ಗನ್ ಹಿಡಿದೆ. ಗನ್ ಒಂದೇ ಕಡೆ ನಿಲ್ಲಿಸಿದರೆ ಅಲ್ಲಿ ಬೆಳ್ಳಗಾಗುತ್ತದೆ. ಎರಡು ಬಾಟಲಿ ಹಾಳಾದವು, ಮೂರನೆಯದು ಸರಿ ಬಂತು. ಅಚ್ಚಿನ ಅತಿ ಅಗಲದ ಗೆರೆಯಲ್ಲಿ ಕತ್ತರಿಸಿದಾಗ ಗುಳ್ಳೆ ಕಳಚಿ ಕೈಗೆ ಬಂತು. 1.1 ಗ್ರಾಮ್.

ಬಾಲದ ಹಂದರಕ್ಕೆ ಬಿದಿರಿನ ಸೀಳು. ಮೂಲ ಕಾರ್ಬನ್ ಕಡ್ಡಿಯನ್ನು ತೆಗೆಯಲಿಲ್ಲ, ಭಾರ ಹೊರುವುದು ಅದೇ. ಅದರ ಸುತ್ತ ತ್ರಿಕೋನದ ಹಂದರ ಬರೀ ರೂಪಕ್ಕೆ, 0.8 ಗ್ರಾಮ್. ಎಂಜಿನ್ ಪಕ್ಕದ ಎರಡು ಇಂಧನ ಟ್ಯಾಂಕಿಗೆ ಥರ್ಮೋಕೋಲ್ ಕೆತ್ತಿದೆ. ಅವಸರದಲ್ಲಿ ಸಾಮಾನ್ಯ ಸೂಪರ್ ಗ್ಲೂ ಹಾಕಿದ್ದಕ್ಕೆ ಟ್ಯಾಂಕ್ ಕಣ್ಣೆದುರೇ ಕರಗಿ ತೂತಾಯಿತು. ಥರ್ಮೋಕೋಲಿಗೆ ಬಿಳಿ ಅಂಟು, ನೀರಿನ ಅಕ್ರಿಲಿಕ್ ಬಣ್ಣ, ಇವೆರಡೇ. ಸ್ಪ್ರೇ ಬಣ್ಣವೂ ಅದನ್ನು ತಿನ್ನುತ್ತದೆ. ಟ್ಯಾಂಕ್, ಕಾಲು, ಅಂಟು, ಬಣ್ಣ ಸೇರಿ 0.7. ಒಟ್ಟು 2.6. ಬಿಚ್ಚಿಟ್ಟ ಹಳೆ ಮೂತಿ 1.8 ಇತ್ತು. ಹೆಚ್ಚಾಗಿದ್ದು 0.8 ಗ್ರಾಮ್ ಮಾತ್ರ.

ತೂಕಕ್ಕಿಂತ ತೂಕ ಎಲ್ಲಿ ಕೂತಿದೆ ಅನ್ನುವುದು ಮುಖ್ಯ. ಹಂದರದ ನಡುಭಾಗ ಶಾಫ್ಟಿನಿಂದ 75 ಮಿಲಿಮೀಟರ್ ಹಿಂದೆ. ಹಂದರದ ತೂಕ 0.8ನ್ನು 75ರಿಂದ ಗುಣಿಸಿದರೆ 60, ಅದು ಹಿಂದಕ್ಕೆಳೆಯುವ ಭಾರ. ಬ್ಯಾಟರಿ 5 ಗ್ರಾಮ್, 60ನ್ನು 5ರಿಂದ ಭಾಗಿಸಿದರೆ 12, ಹಾಗಾದರೆ ಸರಿದೂಗಿಸಲು ಅದನ್ನು 12 ಮಿಲಿಮೀಟರ್ ಮುಂದಕ್ಕೆ ಸರಿಸಬೇಕು. ಗುಳ್ಳೆ ಹಳೆ ಮೂತಿಗಿಂತ ಹಗುರ, ಹಾಗಾಗಿ ನಿಜವಾಗಿ 14 ಬೇಕಾಯಿತು. ಪರೀಕ್ಷೆ ಸುಲಭ. ಬ್ಯಾಟರಿ ಹಾಕಿ, ವೈರ್ ಜೋಡಿಸದೆ, ಫ್ಲೈಬಾರನ್ನು ಮೈಗೆ ಅಡ್ಡ ತಿರುಗಿಸಿ ಎರಡು ಕಡೆ ಬೆರಳ ತುದಿಯಲ್ಲಿ ಎತ್ತಿ ಹಿಡಿಯಬೇಕು. ಮೈ ಮಟ್ಟಸವಾಗಿ ತೂಗಬೇಕು.

ಒಂದು ವ್ಯತ್ಯಾಸ ಉಳಿದುಕೊಂಡಿತು. ನಿಜವಾದ ಬೆಲ್ 47ರ ರೆಕ್ಕೆ ಎಡಕ್ಕೆ ಸುತ್ತುತ್ತದೆ, ನನ್ನದು ಬಲಕ್ಕೆ. ಬದಲಾಯಿಸಬೇಕೆಂದರೆ ರೆಕ್ಕೆ, ಬಾಲ, ಸರ್ಕ್ಯೂಟ್ ಬೋರ್ಡ್ ಎಲ್ಲವೂ ಬೇರೆಯಾಗಬೇಕು. ಹಾಗೇ ಬಿಟ್ಟೆ.

ಹಾರಿಸುವಾಗ ಏನಾದರೂ ತಗುಲುತ್ತದೆ ಅನ್ನಿಸಿದ ಕೂಡಲೇ ರಿಮೋಟಿನಲ್ಲಿ ರೆಕ್ಕೆಯ ವೇಗ ಏರಿಸಿ ಇಳಿಸುವ ಥ್ರಾಟಲ್ ಪೂರ್ತಿ ಇಳಿಸಿಬಿಡಿ. ಸಿಕ್ಕಿಕೊಂಡ ರೆಕ್ಕೆಗೆ ಕರೆಂಟ್ ಹರಿಯುತ್ತಲೇ ಇದ್ದರೆ ಮೋಟಾರ್ ಸುಡುತ್ತದೆ. ಉಬ್ಬಿದ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಲೇಬೇಡಿ.

ಗುಳ್ಳೆ ಹಾಕಿ ಮೊದಲ ಸಲ ಎತ್ತಿದಾಗ ಸಂಜೆಯಾಗಿತ್ತು. ಮೊಣಕಾಲೆತ್ತರದಲ್ಲಿ ನಿಲ್ಲಿಸಿದೆ. ಬೋರ್ಡಿನ ಮೇಲಿನ ಪುಟ್ಟ ಕೆಂಪು ದೀಪ ಗುಳ್ಳೆಯ ತುಂಬ ಹರಡಿಕೊಂಡು ಒಳಗೆ ಯಾರೋ ಕೂತಿರುವ ಹಾಗೆ ಕಾಣುತ್ತಿತ್ತು. ಈಗ ಅಲ್ಲಿ ಕೂರಿಸಲು ಬಾಲ್ಸಾ ಮರದಲ್ಲಿ ಒಬ್ಬ ಪೈಲಟ್ಟನ್ನು ಕೆತ್ತುತ್ತಿದ್ದೇನೆ. ಅವನಿಗೆ ಉಳಿದಿರುವುದು 0.2 ಗ್ರಾಮ್.