ಲಿವರ್ ಸಿರೋಸಿಸ್: ಉಪ್ಪು ತಗ್ಗಿಸಿ, ಊಟ ತಗ್ಗಿಸಬೇಡಿ

ವರ್ಷಗಟ್ಟಲೆ ಪೆಟ್ಟು ತಿಂದ ಲಿವರ್‌ನಲ್ಲಿ ಗಾಯದ ಕಲೆ ತುಂಬಿ ಅದು ಗಂಟುಗಂಟಾಗುವುದೇ ಸಿರೋಸಿಸ್. ರಕ್ತ ಸರಾಗವಾಗಿ ಹಾಯದೆ ಒತ್ತಡ ಕಟ್ಟುತ್ತದೆ. ಹೊಟ್ಟೆಯಲ್ಲಿ ನೀರು ತುಂಬುವುದು, ಅನ್ನನಾಳದ ರಕ್ತನಾಳ ಉಬ್ಬುವುದು ಅದರಿಂದಲೇ. ಕುಡಿತವಷ್ಟೇ ಅಲ್ಲ, ಹೆಪಟೈಟಿಸ್ ಬಿ, ಸಿ ಮತ್ತು ಫ್ಯಾಟಿ ಲಿವರ್ ಕೂಡ ಕಾರಣ. ‘ಎಷ್ಟು ಕುಡೀತಿದ್ರು?’ ಎಂದು ವಿಚಾರಿಸುವ ನೆಂಟರನ್ನು ಬಾಗಿಲಲ್ಲೇ ಸಾಗಹಾಕಿ.

ಮೊದಲ ಕೆಲಸ, ಕಾರಣಕ್ಕೆ ಚಿಕಿತ್ಸೆ. ಕಾರಣ ಯಾವುದೇ ಇರಲಿ, ಬಿಯರ್ ಸಹ ಬೇಡ. ದಿನವೂ ಕುಡಿಯುತ್ತಿದ್ದವರು ವೈದ್ಯರ ನೆರವಿನಲ್ಲೇ ಬಿಡಬೇಕು. ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಉಪ್ಪು ದಿನಕ್ಕೆ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚ. ಬೆಳಿಗ್ಗೆಯೇ ಅಳೆದು ಪುಟ್ಟ ಡಬ್ಬಿಗೆ ಹಾಕಿಡಿ. ಅವರ ಸಾರು, ಪಲ್ಯ, ಚಟ್ನಿ ಎಲ್ಲಕ್ಕೂ ಅದರಿಂದಲೇ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು ಮೇಜಿನ ಮೇಲೆ ಇಡಲೇಬೇಡಿ. ‘ಲೋ ಸೋಡಿಯಂ’ ಉಪ್ಪು ಇನ್ನೂ ಅಪಾಯ: ಅದರಲ್ಲಿರುವುದು ಪೊಟ್ಯಾಸಿಯಂ. ನೀರಿಳಿಸುವ ಸ್ಪೈರೋನೊಲ್ಯಾಕ್ಟೋನ್ ಮಾತ್ರೆಯ ಜತೆ ಸೇರಿದರೆ ಹೃದಯಬಡಿತವೇ ಏರುಪೇರಾದೀತು.

ನಮ್ಮ ಮನೆಗಳಲ್ಲಿ ಹೆಚ್ಚು ಎಡವುವುದು ಪಥ್ಯದಲ್ಲಿ. ಬೇಳೆ, ಮೊಟ್ಟೆ ನಿಲ್ಲಿಸಿ ಬರೀ ಗಂಜಿ ಕೊಡುತ್ತಾರೆ. ತಿಂಗಳೆರಡರಲ್ಲಿ ರೋಗಿಯ ತೋಳು, ತೊಡೆ ಸೊರಗುತ್ತವೆ. ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು (ನೀರು ತುಂಬಿದ ತೂಕವಲ್ಲ, ಅದಕ್ಕೂ ಮುಂಚಿನದು). ತೊಗರಿಬೇಳೆ, ಹೆಸರುಕಾಳು, ಮೊಸರು, ಮೊಟ್ಟೆ ಧಾರಾಳವಾಗಿ ಕೊಡಿ. ಕೆಟ್ಟ ಲಿವರ್ ರಾತ್ರಿಗೆ ಬೇಕಾದ ಸಕ್ಕರೆಯನ್ನು ಕೂಡಿಡಲಾರದು. ಮಲಗುವ ಮುನ್ನ ಹಾಲು ಬೆರೆಸಿದ ರಾಗಿ ಮಾಲ್ಟ್ ಕುಡಿಸಿ.

ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೆಯಿರಿ. ವಾರದಲ್ಲಿ 2 ಕೆ.ಜಿ. ಏರಿದರೆ ವೈದ್ಯರಿಗೆ ಫೋನ್ ಮಾಡಿ. ಮಲ ಸಡಿಲಿಸುವ ಲ್ಯಾಕ್ಟುಲೋಸ್ ಸಿರಪ್ ಕೊಟ್ಟಿದ್ದರೆ ದಿನಕ್ಕೆ 2–3 ಸಲ ಮೆತ್ತಗೆ ಮಲವಿಸರ್ಜನೆ ಆಗಲೇಬೇಕು. ಭೇದಿಯೆಂದು ಹೆದರಿ ನೀವಾಗಿಯೇ ನಿಲ್ಲಿಸಬೇಡಿ.

ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡದು. ಅಮೃತಬಳ್ಳಿ ಕಷಾಯದಿಂದ ಲಿವರ್ ಕೆಟ್ಟ ಪ್ರಕರಣಗಳು ಭಾರತದಲ್ಲೇ ವರದಿಯಾಗಿವೆ, ಅದೂ ಬೇಡ. ಕ್ಯಾನ್ಸರ್ ಬೇಗ ಗೊತ್ತಾಗಲು 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿ. ಅನ್ನನಾಳದ ರಕ್ತನಾಳ ಉಬ್ಬಿದೆಯೇ ಎಂದು ನೋಡುವ ಎಂಡೋಸ್ಕೋಪಿ ಯಾವಾಗ ಬೇಕೆಂದು ವೈದ್ಯರನ್ನೇ ಕೇಳಿ.

ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಜ್ವರದ ಜತೆ ಹೊಟ್ಟೆನೋವು, ಹಗಲಿಡೀ ಮಂಪರು, ಮಾತು ತಡವರಿಸುವುದು: ಯಾವುದು ಕಂಡರೂ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಿ.