ನೀವು ಎಲ್ಲಿದ್ದೀರಿ ಅಂತ ಫೋನಿಗೆ ಗೊತ್ತಾಗುವುದು ಹೇಗೆ?

ಮ್ಯಾಪ್ ತೆರೆದರೆ ನೀಲಿ ಚುಕ್ಕಿ ಕಾಣುತ್ತದೆ. ಉಪಗ್ರಹ ಮೇಲಿನಿಂದ ನಮ್ಮನ್ನು ನೋಡಿ ಜಾಗ ಹೇಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನೀವು ಇದ್ದೀರಿ ಅನ್ನುವುದೇ ಉಪಗ್ರಹಕ್ಕೆ ಗೊತ್ತಿಲ್ಲ. ಅದು ಸಮಯ ಹೇಳುತ್ತಾ ಸುತ್ತುತ್ತಿರುತ್ತದೆ, ಅಷ್ಟೇ. ಲೆಕ್ಕವೆಲ್ಲ ಫೋನಿನದು.

ಹೆಜ್ಜೆ 1: ಸಂಕೇತ ಹಿಡಿಯುವುದು

ಜಾಗ ತಿಳಿಯಲು ನೆರವಾಗುವ ಅಮೆರಿಕದ ಉಪಗ್ರಹ ವ್ಯವಸ್ಥೆಯೇ ಜಿಪಿಎಸ್. ಅದರ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ, ದಿನಕ್ಕೆ ಎರಡು ಸುತ್ತು ಹಾಕುತ್ತವೆ. ಒಂದೊಂದರಲ್ಲೂ ಅತ್ಯಂತ ನಿಖರವಾದ ಪರಮಾಣು ಗಡಿಯಾರಗಳಿವೆ. ತಾನು ಎಲ್ಲಿದ್ದೇನೆ, ಈಗ ಸಮಯ ಎಷ್ಟು ಎಂಬುದನ್ನು ಅವು ರೇಡಿಯೊ ಅಲೆಯಲ್ಲಿ ಬಿತ್ತರಿಸುತ್ತವೆ. ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೌ, ಭಾರತದ ನಾವಿಕ್ ಕೆಲಸ ಮಾಡುವುದೂ ಇದೇ ತತ್ವದ ಮೇಲೆ.

ಹೆಜ್ಜೆ 2: ದೂರ ಅಳೆಯುವುದು

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಸಿಡಿಲು ಎಷ್ಟು ದೂರ ಅಂತ ಅಂದಾಜು ಮಾಡುತ್ತೇವಲ್ವಾ? ಫೋನ್ ಮಾಡುವುದೂ ಅದನ್ನೇ. ಸಂಕೇತ ಹೊರಟ ಸಮಯ ಅದರಲ್ಲೇ ಇರುತ್ತದೆ. ತಲುಪಲು ಹಿಡಿದ ಹೊತ್ತನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಕ್ಕಿತು. ಆದರೆ ಆ ಹೊತ್ತು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ (ಒಂದು ಮೈಕ್ರೊಸೆಕೆಂಡ್) ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ!

ಹೆಜ್ಜೆ 3: ನಾಲ್ಕು ಉಪಗ್ರಹ ಸೇರಿಸುವುದು

ಮೂರು ದೂರ ಗೊತ್ತಾದರೆ ಜಾಗ ಗೊತ್ತಾಗಬೇಕು. ಮತ್ತೆ ನಾಲ್ಕನೆಯದು ಯಾಕೆ? ಫೋನಿನ ಅಗ್ಗದ ಗಡಿಯಾರ ಅಷ್ಟು ನಿಖರವಲ್ಲ, ಅದಕ್ಕೆ. ನಾಲ್ಕನೇ ಉಪಗ್ರಹದ ಲೆಕ್ಕ ಸೇರಿದಾಗ ಆ ಗಡಿಯಾರ ಎಷ್ಟು ತಪ್ಪಿದೆ ಎಂಬುದೂ ಹೊರಬೀಳುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬ ಇಷ್ಟವಾದ ಜಾಣತನ ಇದು.

ಇನ್ನೊಂದು ಸೋಜಿಗ. ಐನ್‌ಸ್ಟೈನ್ ಅವರ ಸಾಪೇಕ್ಷತಾ ಸಿದ್ಧಾಂತ ಹೇಳುವಂತೆಯೇ, ಅಷ್ಟು ಎತ್ತರದಲ್ಲಿ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಜಾಸ್ತಿ ಓಡುತ್ತದೆ. ಇದನ್ನು ಸರಿಪಡಿಸದಿದ್ದರೆ ದಿನಕ್ಕೆ ಸುಮಾರು 10 ಕಿ.ಮೀ.ಯಂತೆ ತಪ್ಪು ಬೆಳೆಯುತ್ತಿತ್ತು.

ಹೆಜ್ಜೆ 4: ನೀವು ಮಾಡಬೇಕಾದದ್ದು

ಬಯಲಿಗೆ ಬನ್ನಿ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುತ್ತದೆ, ಚುಕ್ಕಿ ಪಕ್ಕದ ರಸ್ತೆಗೆ ಹಾರುತ್ತದೆ. ಇಂಟರ್ನೆಟ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ. ಉಪಗ್ರಹಗಳ ವಿವರವನ್ನು ಆಕಾಶದಿಂದಲೇ ಇಳಿಸಿಕೊಳ್ಳಬೇಕಾದ್ದರಿಂದ ಮೊದಲ ಸಲ ಅರ್ಧ ನಿಮಿಷವೋ ಇನ್ನೂ ಜಾಸ್ತಿಯೋ ಹಿಡಿಯಬಹುದು. ಕಾಯಿರಿ. ಹೊರಡುವ ಮೊದಲೇ ಆ ಪ್ರದೇಶದ ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನಿಮ್ಮ ಜಾಗ ಬೇರೆಯವರಿಗೆ ತಿಳಿಯುವುದು ಆ್ಯಪ್‌ಗಳಿಂದ, ಉಪಗ್ರಹದಿಂದಲ್ಲ. ಹಾಗಾಗಿ ಬೇಡದ ಆ್ಯಪ್‌ಗಳಿಗೆ ಲೊಕೇಶನ್ ಅನುಮತಿ ತೆಗೆದುಬಿಡಿ.

ದಾರಿ ತೋರಿಸುವುದು ಇದರ ಒಂದು ಉಪಯೋಗ ಮಾತ್ರ. ಮೊಬೈಲ್ ಟವರ್‌ಗಳು, ವಿದ್ಯುತ್ ಜಾಲಗಳು ಉಪಗ್ರಹಗಳ ಇದೇ ಗಡಿಯಾರದಿಂದ ಸಮಯ ಹೊಂದಿಸಿಕೊಳ್ಳುತ್ತವೆ. ಟ್ರ್ಯಾಕ್ಟರ್ ನೇರ ಸಾಲಿನಲ್ಲಿ ಉಳುತ್ತದೆ. ಭೂಮಿಯ ಹೊರಪದರದ ದೊಡ್ಡ ತುಂಡುಗಳಾದ ಭೂಫಲಕಗಳು ವರ್ಷಕ್ಕೆ ಕೆಲವೇ ಮಿಲಿಮೀಟರ್ ಸರಿದರೂ ವಿಜ್ಞಾನಿಗಳಿಗೆ ತಿಳಿಯುತ್ತದೆ.

ಇದೊಂದನ್ನು ಮಾತ್ರ ಇವತ್ತೇ ಕಲಿತುಬಿಡಿ. ಮ್ಯಾಪ್‌ನಲ್ಲಿ ನೀಲಿ ಚುಕ್ಕಿ ಇರುವ ಜಾಗವನ್ನು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶದ ಅಂಕಿಗಳು ಸಿಗುತ್ತವೆ. ಆಪತ್ತಿನಲ್ಲಿ ಅವನ್ನು ಎಸ್ಎಂಎಸ್ ಮಾಡಿ. ದಶಮಾಂಶ ಬಿಂದುವಿನ ನಂತರ ನಾಲ್ಕು ಅಂಕಿ ಇದ್ದರೂ ಸಾಕು, ಹುಡುಕುವವರು ಸುಮಾರು 10 ಮೀಟರ್ ಹತ್ತಿರಕ್ಕೆ ಬರಬಲ್ಲರು.