ಒಂದು ಪುಟ ಓದಿ ಹೇಳುವುದು

ನನ್ನ ಹೊಲಿಗೆ ಅಂಗಡಿಯಲ್ಲಿ ಎರಡು ಬಿಲ್ ಬುಕ್ ಉಂಟು. ಒಂದು ಬಟ್ಟೆಗೆ, ಇನ್ನೊಂದು ಪುಸ್ತಕಕ್ಕೆ. ಎರಡನೆಯದರಲ್ಲಿ ಹಣದ ಜಾಗ ಖಾಲಿ. ಪುಸ್ತಕದ ಹೆಸರು, ಕೊಂಡುಹೋದವರ ಹೆಸರು, ತಾರೀಕು, ಇಷ್ಟೇ ಬರೆಯುತ್ತೇನೆ.

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಶಟರ್ ಅರ್ಧ ಎತ್ತಿ, ಮೆಷಿನ್‌ಗಳನ್ನು ಗೋಡೆಗೆ ಸರಿಸಿ, ಚಾಪೆ ಹಾಸುತ್ತೇವೆ. ಹತ್ತು ಹನ್ನೆರಡು ಮಂದಿ ಬರುತ್ತಾರೆ. ಈಚೆಗೆ ಏನು ಓದಿದಿರಿ, ಯಾವುದು ಮನಸ್ಸಿಗೆ ಹಿಡಿಸಿತು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು, ಪುಸ್ತಕ ಕೈ ಬದಲಾಯಿಸುವುದು. ನಮ್ಮಲ್ಲೂ ಹೀಗೊಂದು ಮಾಡಬೇಕು, ಹೇಗೆ ಶುರು ಮಾಡಿದಿರಿ ಎಂದು ಕೆಲವರು ಕೇಳಿದರು. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲ ಸಲ ಶುರು ಮಾಡಿದ್ದು 2018ರಲ್ಲಿ. ಅದು ಹೆಚ್ಚು ದಿನ ನಡೆಯಲಿಲ್ಲ. ಮೊದಲ ಭಾನುವಾರ ಹದಿನಾಲ್ಕು ಜನ, ಮುಂದಿನ ತಿಂಗಳು ಒಂಬತ್ತು, ಮೂರನೇ ಸಲ ನಾಲ್ಕು. ಬಂದವರೆಲ್ಲ ತಾವು ಓದಿದ ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳಬೇಕು ಅಂತ ನಾನೇ ಹೇಳಿದ್ದೆ. ಅಭಿಪ್ರಾಯ ಎಂದ ಕೂಡಲೇ ಎಲ್ಲರೂ ವೇದಿಕೆಯ ಭಾಷೆಗೆ ಹೋಗಿಬಿಟ್ಟರು. ಒಬ್ಬರು ನಲವತ್ತು ನಿಮಿಷ ಮಾತಾಡಿದರು. ಲೇಖಕರು ಹುಟ್ಟಿದ ಊರು, ಬಂದ ಪ್ರಶಸ್ತಿಗಳು, ಕೊನೆಗೆ ಇಡೀ ಕಥೆ. ಅದನ್ನು ಕೇಳಿದ ಮೇಲೆ ಆ ಪುಸ್ತಕವನ್ನು ಯಾರೂ ಕೇಳಿ ಪಡೆಯಲಿಲ್ಲ. ಕೇಳುವುದಕ್ಕೆ ಏನು ಉಳಿದಿತ್ತು?

ಇನ್ನೊಂದು ಕಾರಣ ನನಗೆ ಆಗ ಕಾಣಲೇ ಇಲ್ಲ. ನಮ್ಮ ಮನೆಯ ಮಾತು ತುಳು. ಪಕ್ಕದ ಮನೆಯದು ಮಲೆಯಾಳ. ಅಂಗಡಿಗೆ ಬರುವವರಲ್ಲಿ ಹವ್ಯಕ ಕನ್ನಡದವರು, ಕರಾಡ ಮರಾಠಿಯವರು, ಕೊಂಕಣಿಯವರು, ಬ್ಯಾರಿ ಮಾತಾಡುವವರು ಎಲ್ಲ ಇದ್ದಾರೆ. ಕನ್ನಡ ನಮ್ಮಲ್ಲಿ ಎಷ್ಟೋ ಜನರಿಗೆ ಶಾಲೆಯಲ್ಲಿ ಸಿಕ್ಕಿದ ಭಾಷೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಈಗ ಮಕ್ಕಳು ಮಲೆಯಾಳ ಇಲ್ಲವೇ ಇಂಗ್ಲಿಷ್ ಮೀಡಿಯಂಗೆ ಹೋಗುವ ಮನೆಗಳೂ ಬೇಕಾದಷ್ಟಿವೆ. ಕಿವಿಗೆ ಬಿದ್ದರೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಕಣ್ಣಿನಲ್ಲಿ ಓದಲಿಕ್ಕೆ ಹೊರಟರೆ ಎರಡು ಪುಟಕ್ಕೆ ಸುಸ್ತು, ಇಂಥವರು ಇಲ್ಲಿ ಜಾಸ್ತಿ. ಅವರು ಬಾಗಿಲ ಹತ್ತಿರ ಕೂತು, ಇದು ನಮಗಲ್ಲ ಅಂತ ಎದ್ದು ಹೋಗುತ್ತಿದ್ದರು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಕೇರಳ, ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿತು. ಒಳದಾರಿಗಳಿಗೂ ಮಣ್ಣು ಸುರಿದರು. ನಮ್ಮ ಆಸ್ಪತ್ರೆ, ಸಂತೆ, ಸಂಬಂಧ ಎಲ್ಲ ಮಂಗಳೂರಿನ ಕಡೆಗೇ ಅಲ್ವಾ? ಆ ದಿನಗಳ ಸಂಕಟ ಇಲ್ಲಿಯವರಿಗೆ ಗೊತ್ತು. ಅದರ ಮುಂದೆ ಪುಸ್ತಕದ ಮಾತು ಸಣ್ಣದು. ಆದರೂ ಹೇಳುತ್ತೇನೆ. ನಾನು ಕನ್ನಡ ಪುಸ್ತಕ ಕೊಳ್ಳುವುದು ಮಂಗಳೂರಿನಲ್ಲೇ. ಅದು ನಿಂತಿತು. ಅಂಗಡಿ ಮುಚ್ಚಿ, ಮನೆಯಲ್ಲಿ ಮಾಸ್ಕ್ ಹೊಲಿಯುತ್ತಾ, ಇದ್ದ ಪುಸ್ತಕಗಳನ್ನೇ ಮತ್ತೆ ತೆಗೆದೆ. ಒಂದು ರಾತ್ರಿ ಕಾರಂತರ ‘ಬೆಟ್ಟದ ಜೀವ’ದ ಒಂದು ಪುಟವನ್ನು ಗಟ್ಟಿಯಾಗಿ ಓದಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಹಳೆಯ ನಾಲ್ವರಿಗೆ ಕಳಿಸಿದೆ. ಮರುದಿನ ಸುಮ್ಮನಿದ್ದೆ. ರಾತ್ರಿ ಅವರಲ್ಲಿ ಒಬ್ಬ ಹುಡುಗನ ಮೆಸೇಜ್ ಬಂತು: “ಅಕ್ಕಾ, ಅಮ್ಮ ಕೇಳ್ತಿದ್ದಾರೆ, ಇವತ್ತು ಕಥೆ ಇಲ್ವಾ ಅಂತ.”

ಅವನ ಅಮ್ಮ ಬೀಡಿ ಕಟ್ಟುವವರು. ನಮ್ಮ ಕೂಟಕ್ಕೆ ಒಂದು ದಿನವೂ ಬಂದವರಲ್ಲ. ಆಗ ಬೀಡಿ ಎಲೆ ಬಾರದೆ ಅವರ ಕೈ ಖಾಲಿ ಇತ್ತು. ಮಗನ ಫೋನಿನಲ್ಲಿ ಆ ಪುಟವನ್ನು ಮೂರು ಸಲ ಕೇಳಿದ್ದರಂತೆ. ಅಲ್ಲಿಂದ ಪ್ರತಿ ರಾತ್ರಿ ಒಂಬತ್ತು ಗಂಟೆಗೆ ಓದಿ ಕಳಿಸಿದೆ. ಎಲೆ ಬರಲಿಕ್ಕೆ ಶುರುವಾದ ಮೇಲೆ ಅವರು ಗೆರಸೆಯ ಅಂಚಿಗೆ ಫೋನ್ ಒರಗಿಸಿಟ್ಟು, ಬೀಡಿ ಕಟ್ಟುತ್ತಲೇ ಕೇಳುತ್ತಿದ್ದರು.

ಲಾಕ್‌ಡೌನ್ ಸಡಿಲವಾದ ಮೇಲೆ ಅವರ ಮನೆಗೆ ಹೋದೆ. ಆಗ ಅವರು ಒಂದು ವಿಷಯ ಹೇಳಿದರು. ಅವರ ಗಂಡ ಚಿಕ್ಕಂದಿನಲ್ಲಿ ಕಣ್ಣೂರಿನ ಕಡೆ ಬೀಡಿ ಕೆಲಸಕ್ಕೆ ಹೋಗಿದ್ದವರು. ಅಲ್ಲಿನ ಬೀಡಿ ಶೆಡ್ಡುಗಳಲ್ಲಿ ಒಬ್ಬರು ಪೇಪರನ್ನೋ ಕಾದಂಬರಿಯನ್ನೋ ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಕೈ ನಿಲ್ಲಿಸದೆ ಕೇಳುತ್ತಿದ್ದರು. ಓದಿದವರ ಆ ಹೊತ್ತಿನ ಕೂಲಿ ತಪ್ಪಬಾರದಲ್ಲ, ಅದಕ್ಕೆ ಅವರ ಪಾಲಿನ ಬೀಡಿಯನ್ನು ಉಳಿದವರು ಸೇರಿ ಕಟ್ಟಿಕೊಡುತ್ತಿದ್ದರು. ಕಣ್ಣೂರಿನ ಬೀಡಿ ಕಾರ್ಮಿಕರ ಈ ಪದ್ಧತಿ ಕೇರಳದಲ್ಲೆಲ್ಲ ಹೆಸರಾದದ್ದು. ನನಗೆ ಮಾತ್ರ ಅದು ತಲೆಗೆ ಹೊಕ್ಕಿದ್ದು ಆ ದಿನ, ಅವರ ಜಗಲಿಯಲ್ಲಿ ಕೂತಾಗ. ನಮ್ಮ ಕಡೆಯೂ ಆಟಿ ತಿಂಗಳ ಮಳೆಯಲ್ಲಿ ಚಾವಡಿಯಲ್ಲಿ ಜೈಮಿನಿ ಭಾರತ ಓದಿ ಅರ್ಥ ಹೇಳುತ್ತಿದ್ದ ಮನೆಗಳಿದ್ದವು. ಓದು ಎಂದರೆ ಒಬ್ಬರೇ ಮೂಲೆಯಲ್ಲಿ ಕೂತು ಮಾಡುವ ಕೆಲಸ ಅಂತ ನಾನು ಎಲ್ಲಿ ಕಲಿತೆನೋ!

ಎರಡನೇ ಸಲ ಕೂಟ ಶುರು ಮಾಡಿದಾಗ ಅಭಿಪ್ರಾಯ ಹೇಳುವುದನ್ನು ಬಿಟ್ಟೆವು. ಪ್ರತಿಯೊಬ್ಬರೂ ತಾವು ಓದಿದ ಪುಸ್ತಕದ ಒಂದು ಪುಟವನ್ನು ಗಟ್ಟಿಯಾಗಿ ಓದಬೇಕು. ಒಂದೇ ಪುಟ. ಅದಕ್ಕೆ ಮೊದಲು ಎರಡು ಮಾತು ಹೇಳಬಹುದು: ಆ ಪುಟದಲ್ಲಿ ಬರುವವರು ಯಾರು, ಕಥೆಯಲ್ಲಿ ಈಗ ಎಲ್ಲಿದ್ದಾರೆ. ಕೊನೆ ಹೇಳುವಂತಿಲ್ಲ. ಪುಟ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ತುಂಬ ಚಂದದ ವರ್ಣನೆ ಇರುವ ಪುಟವನ್ನು ಹುಡುಕಬೇಡಿ. ನೀವು ಓದುತ್ತಾ ಓದುತ್ತಾ ಎಲ್ಲಿ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿರೋ, ಆ ಪುಟ ತನ್ನಿ. ಮನೆಯಲ್ಲಿ ಎರಡು ಸಲ ಬಾಯಿಬಿಟ್ಟು ಓದಿ ಬನ್ನಿ. ಇದು ಮುಖ್ಯ. ಕಣ್ಣಿಗೆ ಸಲೀಸಾಗಿ ಕಂಡ ವಾಕ್ಯ ನಾಲಿಗೆಗೆ ಬಂದಾಗ ಎಡವುತ್ತದೆ. ಓದಿ ಆದ ಮೇಲೆ ಇಷ್ಟವಾಯಿತಾ ಅಂತ ಕೇಳಬಾರದು. ಸುಮ್ಮನಿರಬೇಕು. ಮಾತು ತಾನಾಗಿ ಬರುತ್ತದೆ, ತುಳುವಿನಲ್ಲೋ ಮಲೆಯಾಳದಲ್ಲೋ, ಅವರವರಿಗೆ ಹೇಗೆ ಬಾಯಿಗೆ ಬರುತ್ತದೋ ಹಾಗೆ.

‘ಬೆಟ್ಟದ ಜೀವ’ವನ್ನು ಕೂಟದಲ್ಲಿ ಓದಿದ ದಿನ ಮರೆಯುವಂಥದ್ದಲ್ಲ. ಅದು 1943ರ ಕಾದಂಬರಿ. ದಾರಿ ತಪ್ಪಿದ ಪ್ರಯಾಣಿಕನೊಬ್ಬ ಸುಬ್ರಹ್ಮಣ್ಯದ ಕಡೆಯ ಕಾಡಿನ ನಡುವೆ ಗೋಪಾಲಯ್ಯ, ಶಂಕರಮ್ಮ ಎಂಬ ಮುದಿ ದಂಪತಿಯ ಮನೆಗೆ ಬರುತ್ತಾನೆ. ಅವರ ಮಗ ಮನೆ ಬಿಟ್ಟು ಹೋಗಿದ್ದಾನೆ. ಅತಿಥಿಯನ್ನು ಅವರು ಉಪಚರಿಸುವ ಒಂದು ಪುಟವನ್ನು ನಾನು ಓದಿದೆ. ಆ ದಿನ ಅಡಿಕೆ ತೋಟದ ಒಬ್ಬ ಅಜ್ಜ, ಅಜ್ಜಿ ಬಂದಿದ್ದರು. ಅವರ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಜಗಳ ಏನೂ ಇಲ್ಲ, ದಿನಾ ಫೋನ್ ಮಾಡುತ್ತಾರೆ. ಓದಿ ಮುಗಿದ ಮೇಲೆ ತುಂಬ ಹೊತ್ತು ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಮೇಲೆ ಅಜ್ಜ, “ನಾನೂ ಹಾಗೆಯೇ. ಯಾರು ಬಂದರೂ ತೋಟ ತೋರಿಸುತ್ತೇನೆ” ಎಂದರು. ಅಜ್ಜಿ ಅವರ ಮುಖ ನೋಡದೆ, “ಬಂದವರು ಊಟಕ್ಕೆ ನಿಲ್ಲುವುದಿಲ್ಲ ಅಂದರೆ ಆ ದಿನ ಇವರಿಗೂ ಊಟ ಸೇರುವುದಿಲ್ಲ” ಎಂದರು. ಯಾರೂ ಮುಂದೆ ಮಾತಾಡಲಿಲ್ಲ. ಪುಸ್ತಕ ಅವರ ಜೊತೆಗೇ ಹೋಯಿತು. ನನ್ನ ಬಿಲ್ ಬುಕ್ಕಿನ ಪ್ರಕಾರ ಆಮೇಲೆ ಅದು ಹನ್ನೊಂದು ಮನೆ ಸುತ್ತಿ ಬಂತು.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ನಮ್ಮದೇ ಹೊಳೆಯ ಬದಿಯ ಕಥೆ. ಅವರು ಹುಟ್ಟಿದ್ದೂ ಕಾಸರಗೋಡಿನಲ್ಲೇ, 1936ರಲ್ಲಿ. ಈ ಪುಸ್ತಕದಲ್ಲಿ ನನ್ನಿಂದ ಒಂದು ತಪ್ಪಾಯಿತು. ಒಬ್ಬ ಹುಡುಗಿ ಕೇಳಿದಾಗ ಉತ್ಸಾಹದಲ್ಲಿ ಕಥಾನಾಯಕಿ ನಾದಿರಾಳ ಕಥೆಯನ್ನು ಕೊನೆವರೆಗೂ ಹೇಳಿಬಿಟ್ಟೆ. ಅವಳು ಪುಸ್ತಕವನ್ನು ಓದದೆ ವಾಪಸು ತಂದಳು. ಇವತ್ತಿಗೂ ಬೇಸರ ಉಂಟು. ಮುಂದೆ ಅದೇ ಪುಸ್ತಕವನ್ನು ಇನ್ನೊಬ್ಬರು ಕೊಂಡುಹೋದರು, ಮಗಳ ಚೂಡಿದಾರ್ ಸಣ್ಣ ಮಾಡಿಸಲಿಕ್ಕೆ ಬಂದವರು. ಮನೆಮಾತು ಮಲೆಯಾಳ, ಕನ್ನಡ ಕಲಿತದ್ದು ಏಳನೇ ಕ್ಲಾಸಿನವರೆಗೆ. ಭಾನುವಾರ ಬನ್ನಿ ಎಂದರೆ ಬರಲಿಲ್ಲ. ಒಂದು ಮಂಗಳವಾರ ಅಂಗಡಿಯಲ್ಲಿ ಯಾರೂ ಇಲ್ಲದಾಗ ಬಂದು ಸ್ಟೂಲಿನಲ್ಲಿ ಕೂತು, ನಾನು ಹೆಮ್ಮಿಂಗ್ ಮಾಡುತ್ತಿದ್ದ ಹಾಗೆ, ಬೆರಳಿಟ್ಟು ಬೆರಳಿಟ್ಟು ಒಂದು ಪುಟ ಓದಿದರು. ಹದಿನೈದು ನಿಮಿಷ ಹಿಡಿಯಿತು. ಆಮೇಲೆ ಎದ್ದು ಹೋದರು. ಹತ್ತು ಜನರ ಎದುರು ಓದಿದರೇ ಲೆಕ್ಕ ಅಂತ ನಾನು ಈಗ ಅಂದುಕೊಳ್ಳುವುದಿಲ್ಲ. ಆ ಮಂಗಳವಾರವನ್ನೂ ಬಿಲ್ ಬುಕ್ಕಿನಲ್ಲಿ ಕೂಟ ಎಂದೇ ಬರೆದಿದ್ದೇನೆ.

ವೈಕಂ ಮುಹಮ್ಮದ್ ಬಷೀರರ ‘ಪಾತುಮ್ಮಾಳ ಆಡು’ ಬಂದದ್ದು ಮಲೆಯಾಳದಲ್ಲಿ. ಬಸ್ ಕಂಡಕ್ಟರ್ ಆಗಿ ರಿಟೈರ್ ಆದ ಒಬ್ಬರು ಒಂದೊಂದೇ ಪ್ಯಾರಾ ಓದುವುದು, ಅವರ ನೆರೆಯ ಮಾಷ್ಟ್ರು ಅಲ್ಲಿಂದಲ್ಲಿಗೆ ಕನ್ನಡದಲ್ಲಿ ಹೇಳುವುದು. ಆಡು ಲೇಖಕರದ್ದೇ ಪುಸ್ತಕಗಳನ್ನು ತಿನ್ನುವ ಜಾಗಕ್ಕೆ ಬಂದಾಗ ಮಕ್ಕಳು ಚಾಪೆಯಲ್ಲಿ ಉರುಳಿ ನಕ್ಕರು. ಎರಡು ಭಾಷೆಯನ್ನು ಹೀಗೆ ಒಟ್ಟಿಗೆ ಇಟ್ಟು ಓದುವ ಭಾಗ್ಯ ಎಲ್ಲ ಊರಿಗೂ ಸಿಗುವುದಿಲ್ಲ. ಇದನ್ನು ಇನ್ನೂ ಜಾಸ್ತಿ ಮಾಡಬೇಕು ಅಂತ ನನ್ನ ಆಸೆ. 2025ರ ಮೇಯಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರಿಗೂ ಅವರ ಪುಸ್ತಕವೇ ಬೇಕು, ನಮ್ಮಲ್ಲಿ ಇದ್ದದ್ದು ಒಂದೇ ಪ್ರತಿ. ಸರದಿ ಕಾಯುವ ಬದಲು ಅಂಗಡಿಯಲ್ಲೇ ಇಟ್ಟುಕೊಂಡು ಸಲಕ್ಕೊಂದು ಕಥೆಯಂತೆ ಪೂರ್ತಿ ಓದಿದೆವು. ಒಂದು ಪುಟದ ನಿಯಮ ಮುರಿದದ್ದು ಅದಕ್ಕೆ ಮಾತ್ರ.

ಪುಸ್ತಕ ಕೈ ಬದಲಾಯಿಸುವುದಾದರೆ ಅದರ ಆರೈಕೆಯೂ ಬೇಕು. ನಮ್ಮ ಮಳೆಗೆ ರಟ್ಟೆಲ್ಲ ಬೂಷ್ಟು ಹಿಡಿಯುತ್ತದೆ. ಬ್ಲೌಸಿನಲ್ಲಿ ಉಳಿದ ಬಟ್ಟೆಯ ತುಂಡುಗಳಿಂದ ನಾನು ಎಲ್ಲ ಪುಸ್ತಕಕ್ಕೂ ಚೀಲದ ಹಾಗೆ ಹೊದಿಕೆ ಹೊಲಿದಿದ್ದೇನೆ. ತೇವ ಹೀರುತ್ತದೆ, ಒಗೆಯಲಿಕ್ಕೂ ಆಗುತ್ತದೆ. ಮಳೆ ಬಿಟ್ಟ ಮೇಲೆ ಅಂಗಳದಲ್ಲಿ ಚಾಪೆ ಹಾಕಿ ಎಳೆಬಿಸಿಲಿಗೆ ಇಡುತ್ತೇವೆ. ಒಮ್ಮೆ ಒಂದು ದಪ್ಪ ಕಾದಂಬರಿ ಗೆದ್ದಲು ಹಿಡಿದು ವಾಪಸು ಬಂತು. ತಂದವಳು ಅತ್ತಳು, ನನಗೂ ಅಳು ಬಂತು. ಅಂದಿನಿಂದ ಎರಡು ಪುಸ್ತಕವನ್ನು ಮಾತ್ರ ನಾನು ಕೊಡುವುದಿಲ್ಲ, ಪುಟ ಓದಿ ಹೇಳುತ್ತೇನೆ ಅಷ್ಟೇ. ಅದರಲ್ಲಿ ಒಂದು ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಆತ್ಮಕಥೆ ‘ದುಡಿತವೇ ನನ್ನ ದೇವರು’. ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಂಡ ಅವರು ಇಲ್ಲೇ ಪೆರಡಾಲದವರು, ಮತ್ತು ಆ ಪ್ರತಿ ನನ್ನ ಅಪ್ಪ ಕೊಂಡದ್ದು.

ಬೀಡಿ ಕಟ್ಟುವ ಅಮ್ಮ ಈಗ ತಪ್ಪದೆ ಬರುತ್ತಾರೆ. ಬರುವ ಭಾನುವಾರ ಅವರ ಸರದಿ. ಓದುವವಳು ಮೊಮ್ಮಗಳು, ಪುಟ ಆರಿಸಿದ್ದು ಅಮ್ಮ. ಯಾವ ಪುಸ್ತಕ ಎಂದು ನನಗೂ ಹೇಳಿಲ್ಲ. ಸೋಮವಾರ ಬೀಡಿ ಕಂಪನಿಯ ಬ್ರಾಂಚಿಗೆ ಕೊಡಬೇಕಾದ ಬೀಡಿ ಬಾಕಿ ಆಗುತ್ತದೆ ಅಂತ ಮೊದಲು ಬೇಡ ಎಂದಿದ್ದರು. ಆ ದಿನದ ಬೀಡಿಯನ್ನು ನಾವೆಲ್ಲ ಸೇರಿ ಮುಗಿಸಿಕೊಡುವುದು ಎಂದು ಮಾತಾಗಿದೆ. ಕೂಟದಲ್ಲಿ ಕಟ್ಟಲಿಕ್ಕೆ ಗೊತ್ತಿರುವವರು ಮೂವರಿದ್ದಾರೆ. ನನಗೆ ಬರುವುದಿಲ್ಲ, ನಾನು ಎಲೆ ಕತ್ತರಿಸಿ ಕೊಡುತ್ತೇನೆ.